ಈಸಲು ಹುಳ ತಿನ್ನೋದು ನಿಜವಾ, ಅದನ್ನ ಸಾಕೋಕೆ ಆಗುತ್ತಾ?

ಚಳ್ಳಕೆರೆ, ಹಿರಿಯೂರು ಕಡೆ ಈಸಲು ಹುಳ ಹುರಿದು ತಿಂತಾರಂತೆ, ಹಾಗಾದ್ರೆ ಅದನ್ನೇ ಸಾಕಿ ಪ್ರೋಟೀನ್ ಆಹಾರ ಮಾಡಬಹುದಲ್ಲ ಅಂತ ಕೇಳಿದ್ದೀರಿ. ತಿಂತಾರೆ. ಆದ್ರೆ ಸಾಕೋ ಮಾತು ನಡೆಯಲ್ಲ.

ಈಸಲು ಅಂದ್ರೆ ರೆಕ್ಕೆ ಬಂದ ಗೆದ್ದಲು. ಮುಂಗಾರಿನ ಮೊದಲ ಹದ ಮಳೆ ಬಿದ್ದು, ಗಾಳಿ ನಿಂತ ಸಂಜೆ ಹುತ್ತದಿಂದ ಏಳುತ್ತವೆ. ಹುತ್ತದ ಮೇಲೆ ಕಡ್ಡಿ ಬಗ್ಗಿಸಿ ನೆಟ್ಟು, ಕಂಬಳಿ ಹೊದಿಸಿ, ಅಂಚಿಗೆಲ್ಲ ಮಣ್ಣು ಒತ್ತಿ, ಒಂದೇ ಕಡೆ ಗೇಣಗಲ ಕಿಂಡಿ ಬಿಡ್ತಾರೆ. ಕಿಂಡಿ ಮುಂದೆ ಎರಡು ಬೆರಳು ನೀರಿರೋ ಪಾತ್ರೆ ಹೂತು, ಅದರಾಚೆ ದೀಪ ಇಟ್ರೆ ಬೆಳಕಿಗೆ ಬಂದು ಬೀಳುತ್ತವೆ. ಅಂಚಲ್ಲಿ ಸಂದಿ ಉಳಿದ್ರೆ ಎಲ್ಲಾ ಅಲ್ಲಿಂದಲೇ ಪಾರು. ಕೈ ಹಾಕೋ ಮುಂಚೆ ಟಾರ್ಚ್ ಹಾಕಿ ನೋಡಿ: ಈಸಲಿಗೆ ಕಪ್ಪೆ ಬರುತ್ತೆ, ಕಪ್ಪೆಗೆ ಹಾವು.

ಚೀಲದಲ್ಲಿ ತುಂಬಿ ಬೆಳಗಿನ ತನಕ ಇಟ್ರೆ ನಾರುತ್ತವೆ. ಅವತ್ತೇ ನೀರು ಬಸಿದು ದಪ್ಪ ಬಾಣಲೆಯಲ್ಲಿ, ಸಣ್ಣ ಉರಿಯಲ್ಲಿ, ಎಣ್ಣೆ ಹಾಕದೆ ಹುರಿಯಬೇಕು. ಅದರ ಜಿಡ್ಡೇ ಸಾಕು. ಬೆರಳಲ್ಲಿ ಒತ್ತಿದ್ರೆ ಪುಡಿಯಾದಾಗ ಇಳಿಸಿ, ಬಿಸಿಲಿಗೆ ಹಾಕಿ, ಉಜ್ಜಿ ಮೊರದಲ್ಲಿ ಕೇರಿದ್ರೆ ರೆಕ್ಕೆ ಹಾರಿಹೋಗುತ್ತೆ. ಒಂದು ಪಾವು ಈಸಲಿಗೆ ಎರಡು ಸೇರು ಮಂಡಕ್ಕಿ, ಅರ್ಧ ಪಾವು ಹುರಿದ ಹುರಳಿಕಾಳು, ಉಪ್ಪು, ಖಾರದಪುಡಿ. ಜಿಡ್ಡಿರೋದ್ರಿಂದ ತುಂಬಾ ದಿನ ಇಟ್ರೆ ಕಮಟು ಹಿಡಿಯುತ್ತೆ.

ಸೀಗಡಿ, ಏಡಿ ಆಗದವರು ಇದನ್ನೂ ಮುಟ್ಟಬೇಡಿ. ಮೆಕ್ಕೆಜೋಳದ ಹೊಲ, ಅಡಿಕೆ ತೋಟದ ಗೆದ್ದಲಿಗೆ ಕ್ಲೋರ್‌ಪೈರಿಫಾಸ್ ಅನ್ನೋ ಕೀಟನಾಶಕ ಹಾಕಿರ್ತಾರೆ, ಅಲ್ಲಿಯದು ಬೇಡ. ಎಲ್ಲಿಂದ ಬಂತೋ ಗೊತ್ತಿಲ್ಲದ ಬೀದಿದೀಪದ ಹುಳವೂ ಬೇಡ.

ಅಸಹ್ಯ ಅನ್ಸಲ್ವಾ ಅಂದ್ರೆ, ನಾಗರಪಂಚಮಿಗೆ ಹುತ್ತಕ್ಕೆ ಹಾಲೆರೆಯೋ ಮನೆಯಲ್ಲೇ ಈಸಲೂ ಹುರೀತಾರೆ. ಪೇಟೆ ಸೇರಿದ ಮಕ್ಕಳು ಮಾತ್ರ ಗೆಳೆಯರ ಮುಂದೆ ಹೇಳ್ಕೊಳ್ಳಲ್ಲ.

ಇನ್ನು ಸಾಕೋದು. ಹುತ್ತ ಕಟ್ಟೋ ಗೆದ್ದಲು ಒಳಗೆ ಬೂಷ್ಟು ಬೆಳೆಸಿ ಬದುಕುತ್ತೆ, ಹಾಗಾಗಿ ಟ್ರೇಯಲ್ಲಿ ಸಾಕೋದು ಕಷ್ಟ. ಹೊಸ ಗೂಡಿಂದ ಈಸಲು ಏಳೋಕೆ ವರ್ಷಗಳೇ ಬೇಕು, ಎದ್ದರೂ ವರ್ಷಕ್ಕೆ ಕೆಲವೇ ಸಂಜೆ. ಟ್ರೇಯಲ್ಲಿ ತೌಡು ಹಾಕಿ ಬೆಳೆಸೋಕೆ ಬರೋದು ಮೀಲ್‌ವರ್ಮ್, ಅಂದ್ರೆ ಒಂದು ಜಾತಿ ಜೀರುಂಡೆಯ ಮರಿಹುಳ. ಯುರೋಪಿಯನ್ ಒಕ್ಕೂಟ 2021ರಲ್ಲಿ ಆಹಾರವಾಗಿ ಮೊದಲು ಒಪ್ಪಿದ್ದೂ ಅದನ್ನೇ. ನಮ್ಮಲ್ಲಿ ಹುಳದ ಪ್ರೋಟೀನು ಕೋಳಿ, ಮೀನಿನ ಮೇವಿನ ಮೂಲಕ ತಟ್ಟೆಗೆ ಬರೋದೇ ಸಲೀಸು ಅನ್ನೋದು ನನ್ನ ಲೆಕ್ಕ. ರೇಷ್ಮೆ ನೂಲು ಬಿಚ್ಚಿದ ಮೇಲೆ ಉಳಿಯೋ ಹುಳ ಈಗಲೂ ಮೇವಿಗೆ ಹೋಗುತ್ತೆ.

ಈಸಲು ಜಾಸ್ತಿ ಸಿಗಲಿ ಅಂತ ಹುತ್ತ ಅಗೆಯಬೇಡಿ. ರಾಣಿ ಸತ್ತರೆ ಮುಂದಿನ ವರ್ಷ ಈಸಲೂ ಇಲ್ಲ, ಅದೇ ಹುತ್ತದಲ್ಲಿ ಏಳೋ ಅಣಬೆಯೂ ಇಲ್ಲ.