ಕಾಕ್ಲಿಯರ್ ಇಂಪ್ಲಾಂಟ್: ಓದುಗರ ಪ್ರಶ್ನೆಗಳಿಗೆ ಉತ್ತರ

ಕಾಕ್ಲಿಯರ್ ಇಂಪ್ಲಾಂಟ್ ಎಂದರೆ ಆಪರೇಷನ್ ಮಾಡಿ ಒಳಗಿವಿಯ ಶಂಖಕ್ಕೆ ಎಲೆಕ್ಟ್ರೋಡ್ (ತೆಳು ತಂತಿ) ತೂರಿಸಿ, ಶ್ರವಣನರಕ್ಕೆ ವಿದ್ಯುತ್ ಸಂಕೇತ ಕೊಡುವ ಸಾಧನ. ಹೊರಗಿನ ಪ್ರೊಸೆಸರ್ ಸದ್ದನ್ನು ಹಿಡಿದು, ತಲೆಗೆ ಆಯಸ್ಕಾಂತದಿಂದ ಅಂಟುವ ಕಾಯಿಲ್ ಮೂಲಕ ಒಳಗೆ ಕಳಿಸುತ್ತದೆ.

ಪ್ರಶ್ನೆ: ಮಗನಿಗೆ ಒಂದು ವರ್ಷ ಹತ್ತು ತಿಂಗಳು. ಬೆರಾ ಪರೀಕ್ಷೆಯಲ್ಲಿ (ಸದ್ದಿಗೆ ಶ್ರವಣನರ, ಮಿದುಳು ಓಗೊಡುತ್ತವೆಯೇ ಎಂದು ನೋಡುವುದು) ಎರಡೂ ಕಿವಿಗೆ 90 ಡೆಸಿಬೆಲ್‌ಗೂ ಪ್ರತಿಕ್ರಿಯೆ ಇಲ್ಲ ಎಂದು ಬಂದಿದೆ. ಆದರೆ ಪಾತ್ರೆ ಬಿದ್ದರೆ ತಿರುಗಿ ನೋಡುತ್ತಾನೆ. ಅವನ ಅಪ್ಪನಿಗೂ ಮಾತು ತಡವಾಗಿಯೇ ಬಂದದ್ದು, ಕಾಯೋಣ ಅಂತಾರೆ ಅತ್ತೆ. ಆಪರೇಷನ್ ಬೇಕೇ ಬೇಕೆ?
— ಪಾಂಡವಪುರದ ತಾಯಿ

ಉತ್ತರ: ಕಾಯಬೇಡಿ. ಮಾತು ತಡವಾಗುವ ಮಕ್ಕಳು ಇದ್ದಾರೆ, ಆದರೆ ಬರೀ ಮಾತು ತಡವಾದ ಮಗುವಿನ ಬೆರಾ ಹೀಗೆ ಬರುವುದಿಲ್ಲ. ಪಾತ್ರೆಯ ವಿಷಯಕ್ಕೆ ಬಂದರೆ, ಸಾಮಾನ್ಯವಾಗಿ ಮಾಡುವ ಕ್ಲಿಕ್ ಬೆರಾ ಹೇಳುವುದು ಹೆಚ್ಚಾಗಿ 2000ದಿಂದ 4000 ಹರ್ಟ್ಸ್ ಭಾಗದ, ಅಂದರೆ ಕೀರಲು ಸದ್ದುಗಳ ಕಥೆಯನ್ನು. ದಪ್ಪ ಸದ್ದುಗಳಿಗೆ ಅಷ್ಟಿಷ್ಟು ಕೇಳಿಸುವಿಕೆ ಉಳಿದಿರಬಹುದು, ಇಲ್ಲವೇ ನೆಲದ ಅದುರಿಗೆ ತಿರುಗಿರಬಹುದು. ‘ಸ’, ‘ಶ’, ‘ತ’ ಕಿವಿಗೆ ಬೀಳದೆ ಮಾತು ಕಲಿಯುವುದು ಬಹಳ ಕಷ್ಟ. ದಪ್ಪದಿಂದ ಕೀರಲಿನವರೆಗೆ ಒಂದೊಂದು ಹರ್ಟ್ಸ್ ಮಟ್ಟದ ಸದ್ದಿಗೂ ಕೇಳಿಸುವ ಮಿತಿ ಅಂದಾಜಿಸುವ ಎಎಸ್‌ಎಸ್‌ಆರ್ ಪರೀಕ್ಷೆಯನ್ನೂ ಮಾಡಿಸಿ. ನಿಮಗೆ ಹತ್ತಿರದ್ದು ಮೈಸೂರಿನ ಮಾನಸಗಂಗೋತ್ರಿಯ ವಾಕ್ ಶ್ರವಣ ಸಂಸ್ಥೆ.

ಈಗಲೇ ಎರಡೂ ಕಿವಿಗೆ ಹಿಯರಿಂಗ್ ಏಡ್ ಹಾಕಿಸಿ, ಎಚ್ಚರವಿರುವಷ್ಟು ಹೊತ್ತೂ ಇರಲಿ. ಮೂರು ತಿಂಗಳು ಸರಿಯಾಗಿ ಹಾಕಿದರೂ ಪ್ರಯೋಜನ ಕಾಣದಿದ್ದರೆ ಇಂಪ್ಲಾಂಟ್ ಮಾತು. ಮಗು ಬೆಳೆದಂತೆ ಕಿವಿಯ ಅಚ್ಚು ಸಡಿಲವಾಗಿ ಮಿಷಿನ್ ಕುಯ್ಯೋ ಎನ್ನುತ್ತದೆ. ಆಗ ಮಿಷಿನ್ ಕೆಟ್ಟಿತು ಎಂದು ತೆಗೆದಿಡುವವರೇ ಹೆಚ್ಚು, ಬದಲಿಸಬೇಕಾದದ್ದು ಅಚ್ಚು.

ಆಪರೇಷನ್‌ಗೆ ಮೊದಲು ಸಿಟಿ, ಎಂಆರ್‌ಐ ಎರಡೂ ಆಗುತ್ತವೆ. ಒಳಗಿವಿಯ ಶಂಖ ರೂಪುಗೊಂಡಿದೆಯೇ, ಶ್ರವಣನರ ಇದೆಯೇ ಎಂದು ನೋಡಲು. ನರವೇ ಇಲ್ಲದಿದ್ದರೆ ಎಲೆಕ್ಟ್ರೋಡ್ ಕೊಟ್ಟ ವಿದ್ಯುತ್ತನ್ನು ಮಿದುಳಿಗೆ ಒಯ್ಯುವವರಿಲ್ಲ. ಮೆದುಳುಪೊರೆಯ ಸೋಂಕಿನಿಂದ ಕಿವುಡಾಗಿದ್ದರೆ ಈ ಮೂರು ತಿಂಗಳ ಲೆಕ್ಕ ಹಿಡಿಯಬೇಡಿ: ಶಂಖದೊಳಗೆ ಮೂಳೆ ಬೆಳೆದು ಎಲೆಕ್ಟ್ರೋಡ್ ತೂರಿಸಲು ದಾರಿಯೇ ಮುಚ್ಚಬಹುದು. ಮೆದುಳುಪೊರೆಯ ಸೋಂಕು ತಡೆಯಲು ಕೊಡುವ ನ್ಯುಮೊಕಾಕಲ್ ಲಸಿಕೆ ಆಪರೇಷನ್‌ಗೆ ಎರಡು ವಾರ ಮೊದಲೇ ಮುಗಿದಿರಲಿ. ಆಪರೇಷನ್ ಎರಡು ಮೂರು ಗಂಟೆಯದು. ಗಾಯ ಮಾಗಿ ಎರಡರಿಂದ ನಾಲ್ಕು ವಾರಕ್ಕೆ ಸ್ವಿಚ್ ಆನ್, ಅಂದರೆ ಮಿಷಿನ್ ಮೊದಲ ಬಾರಿ ಚಾಲೂ ಮಾಡುವುದು. ಅಂದು ಮಗು ಅಳಬಹುದು, ಏನೂ ಆಗದವನಂತೆ ಕೂತಿರಬಹುದು, ಎರಡೂ ಸಹಜ. ಧ್ವನಿಯ ಮಟ್ಟವನ್ನು ಕಡಿಮೆಯಲ್ಲಿಟ್ಟು, ಮಗುವಿಗೆ ತಕ್ಕಂತೆ ಮಿಷಿನ್ ಹೊಂದಿಸುವ ಒಂದೊಂದು ಮ್ಯಾಪಿಂಗ್‌ನಲ್ಲೂ ಏರಿಸುತ್ತಾ ಹೋಗುತ್ತಾರೆ.

ಹಣದ ವಿಷಯ: ಹುಟ್ಟಿನಿಂದ ಕೇಳಿಸದ ಮಕ್ಕಳಿಗೆ ಅಂಗವಿಕಲರಿಗೆ ಸಾಧನ ಕೊಡಿಸುವ ಕೇಂದ್ರದ ಅಡಿಪ್ ಯೋಜನೆಯ ವಯೋಮಿತಿ 5 ವರ್ಷ. ರಾಜ್ಯದ ಶ್ರವಣ ಸಂಜೀವಿನಿಯೂ ಇದೆ. ಅಂಗವೈಕಲ್ಯದ ಯುಡಿಐಡಿ ಕಾರ್ಡು, ಆದಾಯ ಪ್ರಮಾಣಪತ್ರಕ್ಕೆ ಇವತ್ತೇ ಓಡಾಡಿ. ವಾರಂಟಿ ಮುಗಿದ ಮೇಲೆ ಕೇಬಲ್, ಬ್ಯಾಟರಿ, ಪ್ರೊಸೆಸರ್ ಖರ್ಚು ಯಾರದ್ದು ಎಂದು ಸಹಿ ಹಾಕುವ ಮೊದಲೇ ಕೇಳಿ. ಹೊರಗಿನ ಪ್ರೊಸೆಸರ್ ಬದಲಿಸಲು ಲಕ್ಷಗಟ್ಟಲೆ ಬೇಕಾಗುತ್ತದೆ, ಮನೆಯವರು ಕಂಗಾಲಾಗುವುದು ಅಲ್ಲಿಯೇ.

ಪ್ರಶ್ನೆ: ಮಗಳಿಗೆ ಮೂರು ವರ್ಷ, ಇಂಪ್ಲಾಂಟ್ ಆಗಿ ಐದು ತಿಂಗಳು. ಚೆನ್ನಾಗಿ ಕೇಳಿಸಿಕೊಳ್ಳುತ್ತಿದ್ದವಳು ಕೆಲವು ದಿನ ಕರೆದರೂ ತಿರುಗುವುದಿಲ್ಲ. ಕಾಯಿಲ್ ಪದೇ ಪದೇ ಬೀಳುತ್ತದೆ.
— ನಂಜನಗೂಡಿನ ಓದುಗರು

ಉತ್ತರ: ಹಟ ಎಂದು ಬೈಯುವ ಮುಂಚೆ ಮಿಷಿನ್ ನೋಡಿ. ಬೆಳಿಗ್ಗೆ ಹಾಕಿದ ಕೂಡಲೇ ಅವಳ ಬೆನ್ನ ಹಿಂದೆ ನಿಂತು ಆ, ಈ, ಊ, ಮ್, ಶ್, ಸ್ ಎಂಬ ಆರು ಧ್ವನಿಗಳನ್ನು ಕ್ರಮ ತಪ್ಪಿಸಿ ಹೇಳಿ. ಒಂದೊಂದಕ್ಕೂ ಒಂದು ಮಣಿ ಡಬ್ಬಿಗೆ ಹಾಕುವ ಆಟ ಕಲಿಸಿ. ಮೊದಲು ಒಂದು ಮೀಟರ್, ಆಮೇಲೆ ಮೂರು ಮೀಟರ್ ದೂರ. ಒಂದಕ್ಕೂ ಓಗೊಡದಿದ್ದರೆ ಬ್ಯಾಟರಿ, ಕೇಬಲ್ ಬದಲಿಸಿ ನೋಡಿ. ನಿನ್ನೆವರೆಗೂ ಕೇಳುತ್ತಿದ್ದ ‘ಸ್’, ‘ಶ್’ ಮಾತ್ರ ತಪ್ಪುತ್ತಿದ್ದರೆ ಮೈಕಿನ ರಂಧ್ರ ಕಟ್ಟಿದೆಯೇ ನೋಡಿ, ಇಲ್ಲದಿದ್ದರೆ ಮ್ಯಾಪಿಂಗ್‌ಗೆ ಹೊರಡಿ.

ಬಳಸಿ ಎಸೆಯುವ 675 ಬ್ಯಾಟರಿಯಾದರೆ ಇಂಪ್ಲಾಂಟ್‌ಗೆಂದೇ ಮಾಡಿದ್ದನ್ನು ಕೊಳ್ಳಿ. ಹಿಯರಿಂಗ್ ಏಡ್‌ನ ಮಾಮೂಲಿ 675 ಅದೇ ಅಳತೆಯದಾದರೂ ಅಷ್ಟು ಕರೆಂಟು ಕೊಡಲಾರದೆ ಬೇಗ ಕೈಕೊಡುತ್ತದೆ. ಅಂಟುಪಟ್ಟಿ ಕಿತ್ತ ಮೇಲೆ ಒಂದೆರಡು ನಿಮಿಷ ಗಾಳಿಗಿಟ್ಟು ಹಾಕಿ. ಕೇಬಲ್ ತುಂಡಾಗುವುದು ಸಾಮಾನ್ಯವಾಗಿ ಬಾಗುವ ತುದಿಯಲ್ಲಿ, ಹೊರಗಿನಿಂದ ಕಾಣುವುದೇ ಇಲ್ಲ. ಅದಕ್ಕೇ ಮನೆಯಲ್ಲಿ ಒಂದು ಹೆಚ್ಚುವರಿ ಕೇಬಲ್ ಇರಲೇಬೇಕು. ಮಳೆಗಾಲದಲ್ಲಂತೂ ರಾತ್ರಿ ಡ್ರೈ ಬಾಕ್ಸ್ (ತೇವ ಹೀರುವ ಡಬ್ಬಿ) ತಪ್ಪಿಸಬೇಡಿ.

ಕಾಯಿಲ್ ಬೀಳುತ್ತಿದ್ದರೆ ಕೂದಲು ದಟ್ಟವಾಗಿರಬಹುದು. ಅಷ್ಟು ಭಾಗ ಕತ್ತರಿಸಿ, ಸಾಲದಿದ್ದರೆ ಒಂದು ಹಂತ ಬಲದ ಆಯಸ್ಕಾಂತ ಕೇಳಿ. ನೇರವಾಗಿ ಅತಿ ಬಲದ್ದು ಹಾಕಿದರೆ ಚರ್ಮ ಕೆಂಪಾಗಿ ಹುಣ್ಣಾಗುತ್ತದೆ. ಸಂಜೆ ತೆಗೆದಾಗ ಕೆಂಪು ಗುರುತು ಉಳಿದಿದ್ದರೆ ತಡಮಾಡದೆ ತೋರಿಸಿ.

ಪ್ರಶ್ನೆ: ನಮ್ಮ ತಂದೆಗೆ 64 ವರ್ಷ. ಹತ್ತು ವರ್ಷದಿಂದ ಕಿವಿ ಕಡಿಮೆಯಾಗುತ್ತಾ ಬಂದು ಈಗ ಹಿಯರಿಂಗ್ ಏಡ್ ಹಾಕಿದರೂ “ಸದ್ದು ಕೇಳ್ತದೆ, ಮಾತು ತಿಳಿಯಲ್ಲ” ಅಂತಾರೆ. ಈ ವಯಸ್ಸಿನಲ್ಲಿ ಇಂಪ್ಲಾಂಟ್ ಆಗುತ್ತದೆಯೇ?
— ಮದ್ದೂರಿನ ಓದುಗರು

ಉತ್ತರ: ಆಗುತ್ತದೆ. ವಯಸ್ಸಿಗಿಂತ ಮುಖ್ಯವಾದದ್ದು ಕಿವಿ ಎಷ್ಟು ಕಾಲ ಮಾತಿಲ್ಲದೆ ಬಿದ್ದಿದೆ ಎಂಬುದು. ಹಿಯರಿಂಗ್ ಏಡ್ ಹಾಕಿಕೊಂಡು, ತುಟಿ ನೋಡದೆ, ಎಷ್ಟು ವಾಕ್ಯ ಸರಿಯಾಗಿ ಮರುನುಡಿಯುತ್ತಾರೆ ಎಂಬ ಪರೀಕ್ಷೆ ಮಾಡಿಸಿ. ತೀರ್ಮಾನ ಬಹುಪಾಲು ಅದರ ಮೇಲೆ. ಬಿಪಿ, ಸಕ್ಕರೆ ಹತೋಟಿಯಲ್ಲಿದ್ದು ಅರಿವಳಿಕೆ ತಡೆಯುವಂತಿರಬೇಕು. ಮೊದಮೊದಲು ಎಲ್ಲರ ದನಿಯೂ ಕೀರಲಾಗಿ, ಯಂತ್ರ ಮಾತಾಡಿದಂತೆ ಕೇಳಿಸುತ್ತದೆ ಎಂದು ಅವರಿಗೆ ಮೊದಲೇ ಹೇಳಿಡಿ. ತಿಂಗಳುಗಳಲ್ಲಿ ಸರಿಹೋಗುತ್ತದೆ. ಸಂಗೀತ ಮೊದಲಿನಂತೆ ಕೇಳಿಸುತ್ತದೆಂಬ ಆಸೆ ಹುಟ್ಟಿಸಬೇಡಿ.

ಪ್ರಶ್ನೆ: ಇಂಪ್ಲಾಂಟ್ ಇದ್ದವರು ಎಂಆರ್‌ಐ ಮಾಡಿಸಬಹುದೆ?
— ಮೈಸೂರಿನ ಓದುಗರು

ಉತ್ತರ: ಒಳಗಿನ ಆಯಸ್ಕಾಂತದ ಮಾದರಿ ನೋಡಿ. ಕೆಲವನ್ನು ಬಿಗಿ ಪಟ್ಟಿ ಕಟ್ಟಿ ಮಾಡಬಹುದು, ಕೆಲವಕ್ಕೆ ಆಯಸ್ಕಾಂತ ತೆಗೆಯಬೇಕಾಗುತ್ತದೆ. ಹೊರಗಿನ ಪ್ರೊಸೆಸರ್ ಅಂತೂ ಎಂಆರ್‌ಐ ಕೋಣೆಗೆ ಹೋಗಲೇಬಾರದು. ಕಂಪನಿ ಕೊಟ್ಟ ಗುರುತಿನ ಕಾರ್ಡು ಸದಾ ಜೇಬಿನಲ್ಲಿರಲಿ. ತಲೆ, ಕುತ್ತಿಗೆಯ ಬೇರೆ ಯಾವ ಆಪರೇಷನ್ ಆದರೂ ಮಾನೋಪೋಲಾರ್ ಕಾಟರಿ (ಮೈಯೊಳಗೆ ವಿದ್ಯುತ್ ಹರಿಸಿ ಸುಡುವ ಸಾಧನ) ಬಳಸಕೂಡದೆಂದು ಸರ್ಜನ್‌ಗೆ ಮುಂಚೆಯೇ ತಿಳಿಸಿ.