ಜಿ-ಸಿಎಸ್‌ಎಫ್ ಕೊಟ್ಟ ಮೇಲೂ ಕಾಂಡಕೋಶಗಳು ಸಾಲದಿದ್ದರೆ
ಜಿ-ಸಿಎಸ್‌ಎಫ್ ಎಂದರೆ ರಕ್ತಕೋಶಗಳನ್ನು ಹುಟ್ಟಿಸುವ ಕಾಂಡಕೋಶಗಳನ್ನು ಮೂಳೆಮಜ್ಜೆಯಿಂದ ರಕ್ತಕ್ಕೆ ಹೊರತರುವ ಔಷಧ. ಐದು ದಿನ ಅದರ ಚುಚ್ಚುಮದ್ದು ಕೊಟ್ಟರೂ ನಿಮ್ಮ ತಂದೆಯವರ ರಕ್ತದಿಂದ ಕಸಿಗೆ ಬೇಕಾದ ಕಾಂಡಕೋಶಗಳು ಸಾಕಷ್ಟು ದೊರೆಯದಿರುವುದಕ್ಕೆ, ಮೈಲೋಮಾ ಎಂಬ ರಕ್ತದ ಕ್ಯಾನ್ಸರಿಗಾಗಿ ಅವರು ಎಂಟು ಸುತ್ತು ತೆಗೆದುಕೊಂಡ ಲೆನಲಿಡೊಮೈಡ್ ಔಷಧವೇ ಬಹುಮಟ್ಟಿಗೆ ಕಾರಣವಿರಬೇಕು. ವಯಸ್ಸೂ ಅದಕ್ಕೆ ಸೇರಿಕೊಂಡಿರಬಹುದು. ನನ್ನ ತಾಯಿಯವರ ಮೊದಲ ಯತ್ನವೂ ಹೀಗೆಯೇ ನಿಂತಿತ್ತು.

ಮೊದಲು ರಕ್ತದಲ್ಲಿನ ಸಿಡಿ34 ಎಣಿಕೆಯನ್ನೂ (ಅಂದರೆ ಕಾಂಡಕೋಶಗಳ ಎಣಿಕೆ) ಈವರೆಗೆ ಸಂಗ್ರಹವಾದ ಪ್ರಮಾಣವನ್ನೂ ಬರಹದಲ್ಲಿ ಕೇಳಿ ಪಡೆಯಿರಿ. ಕಸಿಗೆ ದೇಹತೂಕದ ಪ್ರತಿ ಕಿಲೋಗೆ ಕನಿಷ್ಠ 20 ಲಕ್ಷ ಕೋಶಗಳಿರಬೇಕೆಂಬುದು ಸಾಮಾನ್ಯ ಮಾನದಂಡ. ಸಿಕ್ಕಷ್ಟು ಕೋಶಗಳನ್ನು ಈಗಾಗಲೇ ಶೈತ್ಯೀಕರಿಸಿಟ್ಟಿದ್ದರೆ ಅವು ವ್ಯರ್ಥವಲ್ಲ, ಮುಂದಿನ ಸಂಗ್ರಹಕ್ಕೆ ಕೂಡಿಸಿಕೊಳ್ಳಬಹುದು. ಬಳಿಕ ಪ್ಲೆರಿಕ್ಸಾಫೋರ್ ಕೊಡಬಹುದೇ ಎಂದು ವೈದ್ಯರನ್ನು ವಿಚಾರಿಸಿ. ಮಜ್ಜೆಯೊಳಗೆ ಕೋಶಗಳನ್ನು ಹಿಡಿದಿಟ್ಟಿರುವ ಕೊಂಡಿಯನ್ನು ಸಡಿಲಿಸುವ ಈ ಔಷಧವನ್ನು ಸಂಗ್ರಹಕ್ಕೆ ಸುಮಾರು 11 ಗಂಟೆ ಮುಂಚೆ, ಅಂದರೆ ಹಿಂದಿನ ರಾತ್ರಿ, ಚರ್ಮದಡಿಗೆ ಚುಚ್ಚುತ್ತಾರೆ. ಮೂತ್ರಪಿಂಡ ದುರ್ಬಲವಾಗಿದ್ದರೆ ಪ್ರಮಾಣ ತಗ್ಗಿಸಬೇಕಾಗುವುದರಿಂದ ಇತ್ತೀಚಿನ ಕ್ರಿಯಾಟಿನಿನ್ ವರದಿ ಕೈಯಲ್ಲಿರಲಿ. ಔಷಧ ದುಬಾರಿ, ಆದ್ದರಿಂದ ವಿಮೆಯ ಒಪ್ಪಿಗೆಯನ್ನು ಮುಂಚಿತವಾಗಿಯೇ ಪಡೆಯಿರಿ. ಅದರಿಂದಲೂ ಆಗದಿದ್ದರೆ, ಕೆಲವು ವಾರಗಳ ಬಿಡುವಿನ ನಂತರ ಸೈಕ್ಲೋಫಾಸ್ಫಮೈಡ್ ಎಂಬ ಕಿಮೋಥೆರಪಿ ಔಷಧದ ಜೊತೆಗೆ ಮತ್ತೊಮ್ಮೆ ಯತ್ನಿಸುವ ಕ್ರಮವಿದೆ.

ರಕ್ತದಿಂದ ಕಾಂಡಕೋಶಗಳನ್ನು ಬೇರ್ಪಡಿಸುವ ಯಂತ್ರಕ್ಕೆ ಜೋಡಿಸಿರುವಾಗ ತುಟಿ, ಬೆರಳು ಜುಮುಗುಟ್ಟಿದರೆ ತಂದೆಯವರು ಸಹಿಸಿಕೊಂಡು ಕೂರಬಾರದು. ರಕ್ತ ಹೆಪ್ಪುಗಟ್ಟದಂತೆ ಬೆರೆಸುವ ಸಿಟ್ರೇಟ್ ಕ್ಯಾಲ್ಸಿಯಂ ಇಳಿಸುತ್ತದೆ, ನರ್ಸ್‌ಗೆ ಕೂಡಲೇ ತಿಳಿಸಲಿ.