ವರದಿ ಎರಡು, ಎರಡೂ ನಿಜ

ಡೊಂಬಿವಿಲಿಯ ಓದುಗರೊಬ್ಬರು, ಹೆಸರು ಹಾಕಬೇಡಿ ಎಂದು ಕೇಳಿಕೊಂಡು, ಬರೆದಿದ್ದಾರೆ: "ನಮ್ಮ ಯಜಮಾನರಿಗೆ 52 ವರ್ಷ. ಎಎಂಎಲ್ ಎಂಬ ರಕ್ತದ ಕ್ಯಾನ್ಸರ್. ಕ್ರೋಮೋಸೋಮ್ ನಾರ್ಮಲ್ ಎಂದು ವರದಿ ಬಂದಾಗ ನಿಟ್ಟುಸಿರು ಬಿಟ್ಟೆವು. ಆಮೇಲೆ ಎನ್‌ಪಿಎಂ-1, ಫ್ಲಿಟ್-3 ಐಟಿಡಿ ಎಂಬ ಜೀನ್ ಬದಲಾವಣೆಗಳೆರಡೂ ಪಾಸಿಟಿವ್ ಎಂದರು. ಯಾವುದನ್ನು ನಂಬಲಿ? ಜೀನ್ ದೋಷವಂತೆ ಎಂಬ ಸುದ್ದಿಗೆ ಮಗಳಿಗೆ ಬಂದಿದ್ದ ಸಂಬಂಧವೂ ಹಿಂದೆ ಸರಿಯಿತು. ಕುಂದಾಪುರದ ಮೈದುನ ಬರುತ್ತೇನೆ ಎನ್ನುತ್ತಿದ್ದಾನೆ, ಬಂದು ಏನು ಮಾಡುತ್ತಾನೆ?"

ಸಂಪಾದಕರ ಉತ್ತರ: ಅಮ್ಮಾ, ಮದುವೆಯ ಮಾತು ಮೊದಲು. ಈ ಎರಡು ಬದಲಾವಣೆಗಳೂ ನಿಮ್ಮವರ ಅಸ್ಥಿಮಜ್ಜೆಯ ಕೋಶಗಳಲ್ಲಿ ನಡುವೆ ಹುಟ್ಟಿಕೊಂಡಂಥವು, ಮಗಳಿಗೆ ದಾಟುವಂಥವಲ್ಲ. ವಂಶದಲ್ಲಿ ಬರುವ ಲ್ಯುಕೇಮಿಯಾ, ಅಂದರೆ ರಕ್ತದ ಕ್ಯಾನ್ಸರ್, ಇದೆ, ಆದರೆ ಅಪರೂಪ, ಅದರ ಜೀನುಗಳೇ ಬೇರೆ. ಹಿಂದೆ ಸರಿದವರು ಜಾತಕ ನೋಡಿದಷ್ಟು ಶ್ರದ್ಧೆಯಿಂದ ಡಾಕ್ಟರನ್ನು ಕೇಳಬಹುದಿತ್ತು.

ಇನ್ನು ವರದಿ. ಮೊದಲನೆಯದು ಸೂಕ್ಷ್ಮದರ್ಶಕದಲ್ಲಿ, ಜೀನುಗಳನ್ನು ಹೊತ್ತ 46 ಕ್ರೋಮೋಸೋಮ್‌ಗಳನ್ನು ನೋಡಿ ಬರೆದದ್ದು. ತುಂಡು ಕಳಚಿದ್ದರೆ, ಸ್ಥಳ ಬದಲಿಸಿದ್ದರೆ ಕಾಣುತ್ತದೆ. ವಯಸ್ಕರ ಎಎಂಎಲ್‌ನಲ್ಲಿ ಹೆಚ್ಚುಕಡಿಮೆ ಅರ್ಧ ಜನಕ್ಕೆ ಏನೂ ಕಾಣುವುದಿಲ್ಲ. ಜೀನಿನೊಳಗಿನ ಸಣ್ಣ ಬದಲಾವಣೆಗೆ ಬೇರೆ ಪರೀಕ್ಷೆಯೇ ಬೇಕು. ಇವನ್ನೆಲ್ಲ ನೋಡಿ, ರೋಗ ಚಿಕಿತ್ಸೆಗೆ ಎಷ್ಟು ಬಗ್ಗೀತು ಎಂದು ಗುಂಪು ಮಾಡುತ್ತಾರೆ. ಎನ್‌ಪಿಎಂ-1 ಒಂದೇ ಇದ್ದರೆ ಒಳ್ಳೆಯ ಗುಂಪು. ಫ್ಲಿಟ್-3 ಐಟಿಡಿ ಜೊತೆಗಿದ್ದರೆ ಯುರೋಪಿಯನ್ ಲ್ಯುಕೇಮಿಯಾನೆಟ್ ಎಂಬ ತಜ್ಞರ ಕೂಟದ 2022ರ ವರ್ಗೀಕರಣದಲ್ಲಿ ಮಧ್ಯಮ. ಏಳನೆಯ ಕ್ರೋಮೋಸೋಮ್ ಒಂದು ಕಾಣೆಯಾದರೆ, ಟಿಪಿ-53 ಎಂಬ ಜೀನ್ ಕೆಟ್ಟರೆ ಕಠಿಣ.

ಈ ಗುಂಪುಗಳನ್ನು ಆಯುಷ್ಯದ ಲೆಕ್ಕವೆಂದು ಓದಬೇಡಿ. 15 ಮತ್ತು 17ನೇ ಕ್ರೋಮೋಸೋಮ್‌ಗಳು ತುಂಡು ಅದಲುಬದಲು ಮಾಡಿಕೊಳ್ಳುವ ಎಪಿಎಲ್ ಎಂಬ ಎಎಂಎಲ್‌ನದೇ ಒಂದು ಬಗೆ ಇದೆಯಲ್ಲ, ರಕ್ತಸ್ರಾವದಿಂದ ದಿನಗಳಲ್ಲೇ ಜೀವ ತೆಗೆಯುತ್ತಿದ್ದ ರೋಗ. ಚೀನಾದ ವೈದ್ಯರು 1980ರ ದಶಕದಲ್ಲಿ ಅಟ್ರಾ ಎಂಬ, ವಿಟಮಿನ್ ಎ ಬಳಗದ ಔಷಧ ಕೊಟ್ಟು ನೋಡಿದರು, ಆಮೇಲೆ ಆರ್ಸೆನಿಕ್ ಕೂಡಿತು. ಮೊದಲ ವಾರಗಳನ್ನು ದಾಟಿದವರಲ್ಲಿ ಬಹುಪಾಲು ಜನ ಈಗ ಗುಣವಾಗುತ್ತಾರೆ. ಕ್ರೋಮೋಸೋಮ್ ದೋಷ ಅಂದಿನದೇ, ಔಷಧ ಬದಲಾಯಿತು. ಫ್ಲಿಟ್-3ಕ್ಕೂ ಕೀಮೋ ಜೊತೆ ಕೊಡುವ ಮಿಡೋಸ್ಟಾರಿನ್ 2017ರಲ್ಲಿ ಅಮೆರಿಕದಲ್ಲಿ ಒಪ್ಪಿಗೆ ಪಡೆಯಿತು. ದುಬಾರಿ, ಹೌದು, ನೆರವಿನ ಬಗ್ಗೆ ಆಸ್ಪತ್ರೆಯ ಸಮಾಜಸೇವಾ ವಿಭಾಗದಲ್ಲಿ ನಾಚದೆ ಕೇಳಿ.

ಡಾಕ್ಟರಲ್ಲಿ ಕೇಳಬೇಕಾದ್ದು: ಕೀಮೋ ಆದ ಮೇಲೆ ಎನ್‌ಪಿಎಂ-1ರ ಕುರುಹು ಎಷ್ಟು ಉಳಿದಿದೆ? ಮೊದಲ ದಿನದ ವರದಿಗಿಂತ ಈ ಉತ್ತರಕ್ಕೆ ಹಲವು ಸಲ ತೂಕ ಹೆಚ್ಚು. ಅಸ್ಥಿಮಜ್ಜೆ ಕಸಿಯ ಮಾತೂ ಬರಬಹುದು. ಗಾಬರಿ ಬೇಡ, ದೇಶದಲ್ಲಿ ಮೊದಲ ಕಸಿ ನಡೆದದ್ದೇ ನಮ್ಮ ಪರೇಲಿನ ಟಾಟಾ ಆಸ್ಪತ್ರೆಯಲ್ಲಿ, 1983ರಲ್ಲಿ. ದಾನಿಯ ಮಜ್ಜೆ ರೋಗಿಗೆ ಹೊಂದುತ್ತದೆಯೇ ಎಂದು ನೋಡುವುದು ಎಚ್‌ಎಲ್‌ಎ ಎಂಬ ಕೋಶದ ಗುರುತುಗಳಿಂದ. ಒಡಹುಟ್ಟಿದವರ ಎಚ್‌ಎಲ್‌ಎ ಪೂರ್ತಿ ಹೊಂದುವ ಸಾಧ್ಯತೆ ನಾಲ್ಕರಲ್ಲಿ ಒಂದು. ಮಗಳದು ಅರ್ಧವಂತೂ ಹೊಂದುತ್ತದೆ, ಈಗ ಅದರಿಂದಲೂ ಕಸಿ ಮಾಡುತ್ತಾರೆ. ಮೈದುನನಿಗೆ ಬರಲು ಹೇಳಿ.